ಅಗ್ಗದ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಡಿ, ಆಮೇಲೆ ಎರಡು ಸಂಜೆ ಪಕ್ಕದಲ್ಲಿ ಕೂತ್ಕೊಳ್ಳಿ

ಅಕ್ಕನ ಮಗಳ ಲ್ಯಾಪ್‌ಟಾಪ್ ಹೋದ ವಾರ ನನ್ನ ಟೇಬಲ್ ಮೇಲೆ ಬಂದು ಕೂತಿತು. 11 ಇಂಚಿನ ಪುಟ್ಟದು, 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್. ಅಕ್ಕ ಚೀಟಿ ದುಡ್ಡಲ್ಲಿ ಕೊಡಿಸಿದ್ದು. "ಮಾಮ, ಆನ್ ಮಾಡಿ ಸ್ನಾನಕ್ಕೆ ಹೋಗ್ತೀನಿ, ಬರೋಷ್ಟರಲ್ಲಿ ರೆಡಿ ಇರುತ್ತೆ" ಅಂದಳು. ತೆಗೆದು ನೋಡಿದರೆ ಅವಳ ಫೈಲ್‌ಗಳೆಲ್ಲ ಸೇರಿ ಒಂದು ಜಿಬಿಯೂ ಇರಲಿಲ್ಲ. ಮಿಕ್ಕ ಜಾಗವನ್ನೆಲ್ಲ ಒಳಗಿದ್ದ ವಿಂಡೋಸೇ ನುಂಗಿತ್ತು. ಹೊಸ ಅಪ್‌ಡೇಟ್‌ಗೆ ಜಾಗ ಸಾಲದು ಅಂತ ದಿನಾ ಕೇಳುತ್ತಿತ್ತಂತೆ. ಪಾಪ, ಟೂರಿನ ಫೋಟೊಗಳನ್ನೆಲ್ಲ ಅಳಿಸಿ ಜಾಗ ಮಾಡಿಕೊಟ್ಟಿದ್ದಾಳೆ. ಅದನ್ನು ಕೇಳಿ ನನಗೆ ನಿಜವಾಗಲೂ ಸಿಟ್ಟು ಬಂತು.

ವಿಂಡೋಸ್ ತೆಗೆದು ಲುಬುಂಟು ಹಾಕಿದೆ. ಲಿನಕ್ಸ್ ಅಂದರೆ ವಿಂಡೋಸ್ ಥರವೇ ಕಂಪ್ಯೂಟರನ್ನು ನಡೆಸುವ ಸಿಸ್ಟಮ್; ಲುಬುಂಟು ಅದರದೇ ಒಂದು ಹಗುರ ರೂಪ. ಸಿಸ್ಟಮ್, ಬರೆಯೋಕೆ ಲಿಬ್ರೆಆಫೀಸ್, ನೆಟ್ ನೋಡೋಕೆ ಫೈರ್‌ಫಾಕ್ಸ್ ಎಲ್ಲ ಸೇರಿ ಹತ್ತು ಜಿಬಿ ಒಳಗೇ ಮುಗಿಯಿತು. ಆನ್ ಆಗಿ ನಿಂತಾಗ ಅರ್ಧ ಜಿಬಿ ಆಸುಪಾಸು ರ‍್ಯಾಮ್ ಬಳಸುತ್ತದೆ, ಅಷ್ಟೇ. ಆದರೆ ವೈಫೈ ಬರಲೇ ಇಲ್ಲ. ಅದರ ಚಿಪ್‌ಗೆ ಬೇರೆ ಡ್ರೈವರ್, ಅಂದರೆ ಅದನ್ನು ನಡೆಸುವ ಪುಟ್ಟ ಸಾಫ್ಟ್‌ವೇರ್, ಬೇಕಿತ್ತು. ಡ್ರೈವರ್ ಇಳಿಸಿಕೊಳ್ಳೋಣ ಅಂದರೆ ನೆಟ್ ಬೇಕು, ನೆಟ್ ಬೇಕಂದರೆ ಡ್ರೈವರ್ ಬೇಕು! ಕೊನೆಗೆ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ, ಅದರ ನೆಟ್ ಕೊಟ್ಟು ಸರಿ ಮಾಡಿದೆ. ಒಂದು ಗಂಟೆ ಹಿಡಿಯಿತು. ಅಕ್ಕ ಒಬ್ಬಳೇ ಇದ್ದಿದ್ದರೆ ಆ ಲ್ಯಾಪ್‌ಟಾಪ್ ಅಲ್ಲಿಗೇ ಬೀರು ಸೇರುತ್ತಿತ್ತು, ಅಲ್ವಾ?

ನಾನು ಹೇಳಬೇಕಿರುವುದೂ ಇದನ್ನೇ. ಇಂಥ ಸಣ್ಣ ಮೆಷಿನ್‌ಗೆ ಲಿನಕ್ಸ್ ಚೆನ್ನಾಗಿಯೇ ಹೊಂದುತ್ತದೆ. ಅದನ್ನು ಬಳಸುವವರಿಗೆ ಅಡ್ಡಿಯಾದಾಗ ಕೇಳೋಕೆ ಹತ್ತಿರದಲ್ಲಿ ಒಬ್ಬರು ಬೇಕು.

2007ರಲ್ಲಿ ಆಸುಸ್ ಕಂಪನಿಯ 'ಈ ಪಿಸಿ' (Eee PC) ಅನ್ನೋ ಪುಟ್ಟ ಅಗ್ಗದ ಲ್ಯಾಪ್‌ಟಾಪ್ ಬಂದಿದ್ದು ನೆನಪಿದೆಯಾ? ಇಂಥವನ್ನು ನೆಟ್‌ಬುಕ್ ಅನ್ನುತ್ತಿದ್ದರು. 7 ಇಂಚಿನ ಪರದೆ, 512 ಎಂಬಿ ರ‍್ಯಾಮ್, 4 ಜಿಬಿ ಸ್ಟೋರೇಜ್, ಒಳಗೆ ಲಿನಕ್ಸ್. ಆಗಿನ ಹೊಸ ವಿಂಡೋಸ್ ವಿಸ್ಟಾ ಅದರೊಳಗೆ ಹಿಡಿಸುವ ಮಾತೇ ಇರಲಿಲ್ಲ. ಮೈಕ್ರೋಸಾಫ್ಟ್ ಇಂಥ ಅಗ್ಗದ ಮೆಷಿನ್‌ಗಳಿಗಾಗಿಯೇ ಹಳೆಯ ವಿಂಡೋಸ್ ಎಕ್ಸ್‌ಪಿಯನ್ನು 2010ರವರೆಗೆ ಕೊಡುತ್ತಾ ಬಂತು. ನೆಟ್‌ಬುಕ್ ಕೊಳ್ಳುವವರಲ್ಲಿ ಹೆಚ್ಚಿನವರು ಎಕ್ಸ್‌ಪಿ ಕಡೆಗೆ ಹೋದರು. ಜನಕ್ಕೆ ಲಿನಕ್ಸ್ ಬೇಡ ಅಂತ ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಎಕ್ಸ್‌ಪಿ ಕೈಕೊಟ್ಟರೆ ಕೇಳೋಕೆ ಅಂಗಡಿಯವನಿದ್ದ, ಸೈಬರ್ ಕೆಫೆ ಹುಡುಗನಿದ್ದ, ಪಕ್ಕದ ಮನೆ ಎಂಜಿನಿಯರ್ ಇದ್ದ. ಲಿನಕ್ಸ್‌ಗೆ ಯಾರಿದ್ದರು?

ಕೇರಳದ ಸರ್ಕಾರಿ ಶಾಲೆಗಳನ್ನು ನೋಡಿ. ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ಕೈಟ್, ಲಿನಕ್ಸ್‌ನ ಒಂದು ರೂಪವಾದ ಉಬುಂಟುವನ್ನೇ ತಮ್ಮ ಪಾಠಕ್ಕೆ ತಕ್ಕ ಹಾಗೆ ಸಜ್ಜು ಮಾಡಿ ಶಾಲೆಗಳಿಗೆ ಕೊಡುತ್ತದೆ. ಮೇಷ್ಟ್ರುಗಳಿಗೆ ತರಬೇತಿಯೂ ಇದೆ. ಐಟಿ ಪಾಠದ ಪುಸ್ತಕವೂ ಅದಕ್ಕೆ ಹೊಂದಿಕೊಂಡೇ ಇದೆ. ಮಕ್ಕಳಿಗೆ ಅದೇ ಕಂಪ್ಯೂಟರ್, ಅಷ್ಟೇ.

ಹಾಗಂತ ಎಲ್ಲರಿಗೂ ಇದನ್ನೇ ಹಾಕಿ ಅನ್ನಲಾರೆ. ಡಿಟಿಪಿ ಮಾಡುವ ಗೆಳೆಯರು ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೇ ಆಸ್ಕಿ ಫಾಂಟ್‌ನಲ್ಲಿ ವರ್ಷಗಟ್ಟಲೆ ಫೈಲ್ ಕೂಡಿಸಿಟ್ಟಿರುತ್ತಾರೆ. ಅವನ್ನೆಲ್ಲ ಈಗ ಎಲ್ಲ ಕಡೆ ಓದಬಲ್ಲ ಯುನಿಕೋಡ್‌ಗೆ ಬದಲಾಯಿಸದೆ ಲಿನಕ್ಸ್‌ಗೆ ಬಂದರೆ ಬರೀ ತಾಪತ್ರಯ. ಅವರು ಸದ್ಯ ಇದ್ದಲ್ಲೇ ಇರುವುದು ಒಳ್ಳೆಯದು. ಇನ್ನು 2 ಜಿಬಿ ರ‍್ಯಾಮ್ ಅಂದರೆ 2 ಜಿಬಿಯೇ. ಸಿಸ್ಟಮ್ ಎಷ್ಟು ಹಗುರವಾದರೂ ಬ್ರೌಸರ್ ಹಗುರವಾಗುವುದಿಲ್ಲ. ಝಡ್‌ರ‍್ಯಾಮ್ ಹಾಕಿದ್ದೇನೆ, ಅದು ಮೆಮೊರಿಯಲ್ಲಿರುವುದನ್ನು ಒತ್ತಿ ಚಿಕ್ಕದು ಮಾಡಿ ಇಡುತ್ತದೆ. ಆದರೂ ಟ್ಯಾಬ್ ಮೂರು ನಾಲ್ಕಕ್ಕಿಂತ ಜಾಸ್ತಿ ತೆಗೀಬೇಡ ಅಂತ ಅಕ್ಕನ ಮಗಳಿಗೆ ಮೊದಲೇ ಹೇಳಿಬಿಟ್ಟೆ.

ಹೊಸದಾಗಿ ಕನ್ನಡ ಟೈಪ್ ಮಾಡುವವರಿಗೆ ಮಾತ್ರ ಚಿಂತೆಯೇ ಇಲ್ಲ. ಐಬಸ್, ಎಂ17ಎನ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್‌ಗಳನ್ನು ಹಾಕಿಕೊಂಡರೆ ನುಡಿಯಲ್ಲಿರುವ ಅದೇ ಕೆಜಿಪಿ ಅನ್ನೋ ಕೀಲಿಮಣೆ ಜೋಡಣೆ ಸಿಗುತ್ತದೆ. ಅವಳಿಗೆ ಒತ್ತಕ್ಷರದ ಗುಟ್ಟು ಹೇಳಿಕೊಟ್ಟೆ. ಎ, ಕೆ, ಎಫ್, ಕೆ ಒತ್ತಿದಳು. 'ಅಕ್ಕ' ಮೂಡಿತು. ತಕ್ಷಣ ತನ್ನ ಕಾಲೇಜಿನ ಹೆಸರು, ಊರಿನ ಹೆಸರು, ನಾಯಿ ಹೆಸರು ಎಲ್ಲ ಹೊಡೆದು ನೋಡಿದಳು. ಎರಡನೇ ಸಂಜೆಗೆ ಒಂದು ಪುಟದ ಅಸೈನ್‌ಮೆಂಟನ್ನು ತಾನೇ ಮುಗಿಸಿದಳು.

ಇದೆಲ್ಲ ಈಗ ಯಾಕೆ ಅಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಿದೆ. ವಿಂಡೋಸ್ 11ಕ್ಕೆ ಕಡೇಪಕ್ಷ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಬೇಕು, ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇರೆ ಬೇಕು. ನಮ್ಮಕ್ಕನ ಮನೆಯದರಂಥ ಲ್ಯಾಪ್‌ಟಾಪ್‌ಗಳು ಅಲ್ಲಿಗೆ ಹೋಗುವಂತಿಲ್ಲ. ಕೀಬೋರ್ಡ್ ಸರಿಯಿದೆ, ಪರದೆ ಸರಿಯಿದೆ, ಬ್ಯಾಟರಿ ಇನ್ನೂ ಎರಡು ಗಂಟೆ ಬರುತ್ತದೆ. ಸುಮ್ನೆ ಗುಜರಿಗೆ ಹಾಕೋದಾ?

ನಿನ್ನೆ ಅವಳ ಫೋನ್ ಬಂತು. ಪ್ರಿಂಟರ್ ಸೇರಿಸುವುದು ಹೇಗೆ ಅಂತ ಕೇಳಿದಳು. ಎದುರು ಮನೆಯವರೂ ಅಟ್ಟದಿಂದ ಒಂದು ಹಳೇ ಲ್ಯಾಪ್‌ಟಾಪ್ ಇಳಿಸಿ ಒರೆಸಿಟ್ಟಿದ್ದಾರಂತೆ. ಭಾನುವಾರ ಪೆನ್‌ಡ್ರೈವ್ ಹಿಡಿದು ಹೋಗುತ್ತಿದ್ದೇನೆ.