ಹತ್ತು ನಿಮಿಷ ಚಾ ಕುಡಿದು ಬನ್ನಿ

ಅಪ್ಪನ ವರ್ಷಾಂತದ ತಿಥಿ ಮುಗಿದ ವಾರದೊಳಗೇ ಅಣ್ಣಂದಿರು ತಂಗಿಯನ್ನು ಕಾರಲ್ಲಿ ಕೂರಿಸಿಕೊಂಡು ಶಿರಸಿಯ ನನ್ನ ಆಫೀಸಿಗೆ ಬರ್ತಾರೆ. "ಎಲ್ಲ ಮಾತಾಡಿ ಆಜು ವಕೀಲ್ರೆ, ಒಂದು ಹಕ್ಕು ಬಿಡುಗಡೆ ಪತ್ರ ಬರದ್ಕೊಡಿ." ತಂಗಿ ತನ್ನ ಆಸ್ತಿ ಪಾಲನ್ನು ಅಣ್ಣಂದಿರಿಗೆ ಬಿಟ್ಟುಕೊಡೋ ಪತ್ರ ಅದು. ಮಾತೆಲ್ಲ ಅಣ್ಣನದೇ. ತಂಗಿ ಗೋಡೆಯ ಕ್ಯಾಲೆಂಡರ್ ನೋಡ್ತಾ ಕೂತಿರ್ತಾರೆ.

ನನ್ನದೊಂದು ಪದ್ಧತಿ ಇದೆ. ಅಣ್ಣನಿಗೆ "ಕೆಳಗೆ ಹೋಗಿ ಹತ್ತು ನಿಮಿಷ ಚಾ ಕುಡಿದು ಬನ್ನಿ" ಅಂತೀನಿ. ಕೆಲವರು ನಗ್ತಾ ಎದ್ದು ಹೋಗ್ತಾರೆ. ಕೆಲವರ ಮುಖ ಕೆಂಪಾಗ್ತದೆ. ಹಾಗೆ ಎದ್ದವರಲ್ಲಿ ಇಬ್ಬರು ಮತ್ತೆ ನನ್ನ ಮೆಟ್ಟಿಲು ಹತ್ತಲಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಎದುರಾದರೆ ಪಾಯಸದ ಕಡೆ ನೋಡ್ತಾರೆ. ಸಣ್ಣ ಊರಿನ ವಕೀಲಿಕೆ ಅಂದ್ರೆ ಇದೇ. ಕಕ್ಷಿದಾರ, ಎದುರುದಾರ, ಸಾಕ್ಷಿದಾರ ಎಲ್ಲರೂ ಹೇಗೋ ನೆಂಟರೇ.

ಆ ಹತ್ತು ನಿಮಿಷದಲ್ಲಿ ನಾನು ಕಾನೂನು ಹೇಳ್ತೀನಿ, ಬೇರೇನಿಲ್ಲ. "ನಂದು 88ರ ಮದುವೆ, ನಂಗೆ ಪಾಲಿಲ್ಲ" ಅಂತ ನಂಬಿದವರು ಇವತ್ತಿಗೂ ಇದ್ದಾರೆ. ಅದೇನೂ ಸುಳ್ಳು ಸುದ್ದಿಯಲ್ಲ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಡೋಕೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರಲ್ಲಿ ನಮ್ಮ ರಾಜ್ಯ ಮಾಡಿದ ತಿದ್ದುಪಡಿ ಅದಕ್ಕೂ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಗೆರೆ ಇಲ್ಲ. ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಲೇಬೇಕೇ ಅನ್ನೋ ಗೊಂದಲವನ್ನೂ 2020ರಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು: ಹಕ್ಕು ಹುಟ್ಟಿನಿಂದಲೇ ಬಂದದ್ದು. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಣಿ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ವಾಟ್ನಿ, ಅಂದ್ರೆ ಆಸ್ತಿ ಪಾಲು, ಆಗಿದ್ದರೆ ಲೆಕ್ಕ ಬೇರೆ.

ಇನ್ನೊಂದು ಮಾತೂ ಹೇಳ್ತೀನಿ. ನಮ್ಮ ಕಡೆ ತೋಟ ಅಂದ್ರೆ ಬರೀ ತೋಟವಲ್ಲ. ಸೊಪ್ಪು ತರೋ ಬೆಟ್ಟ ಸರ್ಕಾರದ ಅರಣ್ಯವೇ ಆದರೂ ಅದರ ಸೌಲಭ್ಯ ಇರೋದು ತೋಟದ ಜೊತೆಗೆ. ನೀರು, ದಾರಿ, ಅಡಿಕೆ ಹರಡೋ ಅಂಗಳ ಎಲ್ಲವೂ ಆ ಒಂದು ಸಹಿಯ ಹಿಂದೆ ಹೋಗ್ತವೆ. ನೋಂದಣಿಯಾದ ಮೇಲೆ ರದ್ದು ಮಾಡಿಸೋದಕ್ಕೆ ಮೋಸವನ್ನೋ ಒತ್ತಡವನ್ನೋ ಸಾಬೀತು ಮಾಡಬೇಕು, ಅದೂ ಗೊತ್ತಾದ ಮೂರು ವರ್ಷದೊಳಗೆ ದಾವೆ ಹಾಕಿ.

ಇಷ್ಟೆಲ್ಲ ಕೇಳಿಯೂ ಹೆಚ್ಚಿನವರು ಸಹಿ ಮಾಡ್ತಾರೆ. "ಯಂಗೆ ತೋಟ ಬ್ಯಾಡ, ದೊಡ್ಡಬ್ಬಕ್ಕೆ ಕರದ್ರೆ ಸಾಕು." ದೊಡ್ಡಬ್ಬ ಅಂದ್ರೆ ನಮ್ಮ ಕಡೆ ದೀಪಾವಳಿ. ಸಹಿ ಮಾಡಲಿ, ನಂದೇನೂ ತಕರಾರಿಲ್ಲ. ತಕರಾರು ಇರೋದು ನಮ್ಮದೇ ರೂಢಿಯ ಮೇಲೆ: ಬಿಟ್ಟುಕೊಡೋರಿಗೂ ಪಡೆಯೋರಿಗೂ ಒಬ್ಬನೇ ವಕೀಲ, ಫೀ ಕೊಡೋನು ಅಣ್ಣ. ಇದು ತಪ್ಪು. ತಂಗಿಗೆ ಅವಳದ್ದೇ ವಕೀಲ ಬೇಕು ಅಂದರೆ ಬಾರ್ ರೂಮಿನಲ್ಲಿ ಗೆಳೆಯರು "ನೀನು ಬಂದ ಕೇಸನ್ನ ಚಾ ಅಂಗಡಿಗೆ ಕಳಿಸೋನು ಮಾರಾಯ" ಅಂತ ನಗ್ತಾರೆ. ಮನೆ ಒಡೆಯೋನು ಅಂತ ಬೆನ್ನ ಹಿಂದೆ ಹೆಸರೂ ಬಂದಿದೆ.

ದೊಡ್ಡ ಮನುಷ್ಯನ ಥರ ಬರೀತಿದ್ದೀನಿ ಅಂದ್ಕೋಬೇಡಿ. 2011ರಲ್ಲಿ ನಮ್ಮ ಮನೆಯ ಪತ್ರ ಬರೆದೋನು ನಾನೇ, ಪಡೆಯೋನೂ ನಾನೇ. 2005ರ ಕಾಯ್ದೆ ನಂಗೆ ಬಾಯಿಪಾಠ ಇತ್ತು. ಅಕ್ಕನಿಗೆ ಒಂದಕ್ಷರ ಹೇಳಲಿಲ್ಲ. ನನ್ನನ್ನು ಚಾ ಕುಡಿದು ಬಾ ಅಂತ ಕಳಿಸೋರು ಯಾರೂ ಇರಲಿಲ್ಲ.

ಕಳೆದ ದೊಡ್ಡಬ್ಬಕ್ಕೆ ಅಕ್ಕ ಬಂದಾಗ ಆ ಪತ್ರದ ನಕಲು ತೆಗೆದು ಮುಂದಿಟ್ಟೆ. ಓದು, ಬೇಕಾದ್ರೆ ಮತ್ತೆ ಮಾತಾಡೋಣ ಅಂದೆ. "ಕನ್ನಡಕ ತಂದಿದ್ನಿಲ್ಲೆ" ಅಂದವಳೇ ಈ ಸಲದ ಅಡಿಕೆ ಕೊಳೆರೋಗದ ಮಾತು ತೆಗೆದಳು.