ಮಡೈರಾ ಡಾಕ್ಟರ್ ಕಥೆ ಬಿಟ್ಟೋಯ್ತಲ್ಲ

ಲೇಖನ ಚೆನ್ನಾಗಿದೆ ಸಾರ್, ಆದ್ರೆ ಕ್ಯಾಥೊಲಿಕ್ ರಾಜ್ಯಗಳ ವಸಾಹತಿಗೆ ಪ್ರಾಟೆಸ್ಟೆಂಟ್ ಮಿಶನರಿಗಳು ಬಂದಿದ್ದೆಲ್ಲ ಬ್ರಿಟಿಷ್ ದುಡ್ಡು, ಬ್ರಿಟಿಷ್ ಹಡಗಿನ ಬಲದಿಂದ್ಲೇ ಅಂತ ಒಂದೇ ಏಟಿಗೆ ಬರೆದುಬಿಟ್ಟಿದ್ದೀರಲ್ಲ, ಅದನ್ನ ಪೂರ್ತಿ ಒಪ್ಪೋಕಾಗಲ್ಲ. ರಾಬರ್ಟ್ ರೀಡ್ ಕ್ಯಾಲಿ ಅಂತ ಸ್ಕಾಟ್ಲೆಂಡಿನ ಪ್ರಾಟೆಸ್ಟೆಂಟ್ ಡಾಕ್ಟರು, ಯಾವ ಮಿಶನ್ ಸೊಸೈಟಿನೂ ಕಳಿಸಿದ್ದಲ್ಲ, ಹೆಂಡತಿಗೆ ಹುಷಾರಿಲ್ಲ ಅಂತ 1838ರಲ್ಲಿ ಕ್ಯಾಥೊಲಿಕ್ ಪೋರ್ಚುಗೀಸರ ಮಡೈರಾ ದ್ವೀಪಕ್ಕೆ ಹೋದವರು. ಅಲ್ಲಿ ಬಡವರಿಗೆ ಪುಕ್ಕಟೆ ಔಷಧಿ, ಸಣ್ಣ ಆಸ್ಪತ್ರೆ, ಓದೋಕೆ ಬರದ ರೈತರಿಗೆ ಶಾಲೆ, ಓದೋದು ಕಲಿತವರ ಕೈಗೆ ಪೋರ್ಚುಗೀಸ್ ಬೈಬಲ್, ಅಲ್ಲಿಂದ ಶುರುವಾಯ್ತು ನೋಡಿ ರಗಳೆ. 1843ರಲ್ಲಿ ತಿಂಗಳುಗಟ್ಟಲೆ ಜೈಲು, ಬ್ರಿಟಿಷ್ ಪ್ರಜೆ ಅಂತ ಯಾರೂ ಬಿಡಲಿಲ್ಲ. ಅವರ ಹಿಂದೆ ಹೋಗಿದ್ದ ಮರಿಯ ಜುವಾಕಿನಾ ಅನ್ನೋ ಹೆಂಗಸಿಗೆ 1844ರಲ್ಲಿ ಮರಣದಂಡನೆನೇ ಕೊಟ್ಟಿದ್ರು, ಜಾರಿಯಾಗಲಿಲ್ಲ ಪುಣ್ಯಕ್ಕೆ. 1846ರ ಆಗಸ್ಟ್ 9ಕ್ಕೆ ಜನ ಕ್ಯಾಲಿ ಮನೆಗೆ ನುಗ್ಗಿ ಪುಸ್ತಕ ಎಲ್ಲ ಬೀದಿಲಿ ಸುಟ್ರು, ಈ ಮನುಷ್ಯ ಹೆಂಗಸಿನ ಬಟ್ಟೆ ಹಾಕ್ಕೊಂಡು, ರೋಗಿ ಥರ ಜೋಲಿಲಿ ಮಲಗಿ, ಹೊತ್ತವರ ಹೆಗಲ ಮೇಲೆ ಹಡಗುಕಟ್ಟೆ ಸೇರ್ಕೊಂಡ. (ಹತ್ತಿದ್ದು ಬ್ರಿಟಿಷ್ ಹಡಗೇ, ಅಷ್ಟು ಮಟ್ಟಿಗೆ ನಿಮ್ ಮಾತು ನಿಜ!) ಆಮೇಲೆ ಅವರ ಹಿಂದಿದ್ದ ಸಾವಿರಾರು ಜನಾನೂ ಊರು ಬಿಟ್ಟು ಟ್ರಿನಿಡಾಡ್‌ಗೆ, ಅಲ್ಲಿಂದ ಎಷ್ಟೋ ಜನ ಅಮೆರಿಕದ ಇಲಿನಾಯ್‌ಗೆ ಹೋದ್ರು.

1855ರಲ್ಲಿ ಕ್ಯಾಲಿ ಬ್ರೆಜಿಲ್‌ಗೆ ಹೋದಾಗ ಬೈಬಲ್ ಮಾರೋಕೆ ಇಲಿನಾಯ್‌ನಿಂದ ಬಂದಿದ್ದು ಹೆಚ್ಚಾಗಿ ಇದೇ ಮಡೈರಾದವರು. ನಿಮ್ ಲೇಖನದಲ್ಲಿ ಇವರ ಸುದ್ದಿನೇ ಇಲ್ಲ. ಬ್ರೆಜಿಲ್ ಆಗ ಸ್ವತಂತ್ರ ಆಗಿತ್ತು ಸರಿ, ಆದ್ರೂ 1824ರ ಸಂವಿಧಾನದ ಪ್ರಕಾರ ಕ್ಯಾಥೊಲಿಕ್ ಅಲ್ಲದವರು ಮನೆಯೊಳಗೆ ಪ್ರಾರ್ಥನೆ ಮಾಡ್ಕೋಬಹುದಿತ್ತು, ಕಟ್ಟಡ ಮಾತ್ರ ಹೊರಗಿಂದ ದೇವಸ್ಥಾನದ ಥರ ಕಾಣೋ ಹಾಗಿರಲಿಲ್ಲ.