ಸುದ್ದಿಮನೆಯಲ್ಲಿ ಪ್ರಾಕ್ಸಿ ನೋಡಿಯೇ ಎಡಿಟ್ ಮುಗಿಸಬಹುದೇ?

ಪರ

ಒಂದು ಗಂಟೆಯ ಬುಲೆಟಿನ್‌ಗೆ ಹೋಗಬೇಕಾದ ಸ್ಟೋರಿ ಒಂದೂಕಾಲಿಗೆ ರೆಡಿಯಾದರೆ ಏನು ಬಂತು? ಪ್ರಾಕ್ಸಿ, ಅಂದರೆ ಮೂಲ ವಿಡಿಯೋದ ಕಡಿಮೆ ಗುಣಮಟ್ಟದ ಹಗುರ ನಕಲು, ಬೇಕಾಗುವುದೇ ಅದಕ್ಕೆ.

ಲೆಕ್ಕ ನೋಡಿ. ಟಿವಿ ಸುದ್ದಿಯವರಿಗೆ ಚೆನ್ನಾಗಿ ಗೊತ್ತಿರುವ ಎಕ್ಸ್‌ಡಿಕ್ಯಾಮ್ ಎಚ್‌ಡಿ 422 ಫಾರ್ಮ್ಯಾಟ್‌ನಲ್ಲಿ ವಿಡಿಯೋ ಸೆಕೆಂಡಿಗೆ 50 ಮೆಗಾಬಿಟ್. ಒಂದು ಗಂಟೆ ಶೂಟ್ ಮಾಡಿದರೆ 22 ಜಿಬಿ ದಾಟುತ್ತದೆ. ಅದನ್ನೇ 2 ಮೆಗಾಬಿಟ್‌ನ ಪ್ರಾಕ್ಸಿ ಮಾಡಿದರೆ ಒಂದು ಜಿಬಿಯೂ ಆಗುವುದಿಲ್ಲ. ಕಲಬುರಗಿಯಿಂದ ಬೆಂಗಳೂರಿಗೆ ಮೊಬೈಲ್ ಡೇಟಾದಲ್ಲಿ ಕಳಿಸುವ ವರದಿಗಾರನಿಗೆ ಇದು ದೊಡ್ಡ ವ್ಯತ್ಯಾಸ ಅಲ್ವಾ? ಪ್ರಾಕ್ಸಿ ಮೊದಲು ಬಂದುಬಿಡುತ್ತದೆ. ಡೆಸ್ಕಿನವರು ಮಾಮೂಲಿ ಲ್ಯಾಪ್‌ಟಾಪ್‌ನಲ್ಲೇ ಬೈಟ್ (ಕ್ಯಾಮೆರಾ ಮುಂದೆ ಆಡಿದ ಮಾತಿನ ತುಣುಕು) ಹುಡುಕುತ್ತಾರೆ, ಶಾಟ್ ಕತ್ತರಿಸುತ್ತಾರೆ, ವಾಯ್ಸ್ ಓವರ್ ಕೂರಿಸುತ್ತಾರೆ. ಆಮೇಲೆ ಟೈಮ್‌ಕೋಡ್, ಅಂದರೆ ಪ್ರತಿ ಫ್ರೇಮಿಗೂ ಇರುವ ಸಮಯದ ಗುರುತು, ಹಿಡಿದು ಮೂಲ ಫೈಲಿನಿಂದ ಬೇಕಾದ ತುಂಡುಗಳನ್ನಷ್ಟೇ ತರಿಸಿಕೊಂಡರೆ ಸಾಕು. ಒಂದೂವರೆ ನಿಮಿಷದ ಸ್ಟೋರಿಗೆ ಅದು ಸುಮಾರು 600 ಎಂಬಿ.

ಹಳೇ ಫೂಟೇಜ್ ವಿಷಯದಲ್ಲೂ ಅಷ್ಟೇ. ಮೂಲ ಫೈಲುಗಳು ಕಪಾಟಿನಲ್ಲಿಡುವ ಎಲ್‌ಟಿಒ ಡೇಟಾ ಟೇಪಿನಲ್ಲಿದ್ದರೂ ಪ್ರಾಕ್ಸಿ ಸರ್ವರ್‌ನಲ್ಲಿದ್ದರೆ, ಹತ್ತು ವರ್ಷದ ಹಿಂದಿನ ಭಾಷಣವನ್ನು ಕೂತಲ್ಲೇ ನೋಡಬಹುದು. ಇದು ಹೊಸ ಸಾಹಸವೂ ಅಲ್ಲ. 2003ರಲ್ಲಿ ಸೋನಿ ಎಕ್ಸ್‌ಡಿಕ್ಯಾಮ್ ತಂದಾಗಲೇ ಮೂಲದ ಜೊತೆಗೆ ಪ್ರಾಕ್ಸಿಯೂ ಡಿಸ್ಕಿನಲ್ಲಿ ದಾಖಲಾಗುತ್ತಿತ್ತು.

ವಿರೋಧ

ಕತ್ತರಿಸುವುದಕ್ಕೆ ಪ್ರಾಕ್ಸಿ ಸಾಕು, ಒಪ್ಪೋಣ. ಆದರೆ ಪ್ರಸಾರ ಮಾಡಬಹುದೋ ಬೇಡವೋ ಎಂಬ ತೀರ್ಮಾನವನ್ನು ಅದನ್ನು ನೋಡಿ ಮಾಡುವುದು ತಪ್ಪು.

640x360ರ ಪ್ರಾಕ್ಸಿಯಲ್ಲಿ ಇರುವುದು ಫುಲ್ ಎಚ್‌ಡಿಯ ಒಂಬತ್ತನೇ ಒಂದು ಭಾಗದಷ್ಟು ಪಿಕ್ಸೆಲ್. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿನ ಸ್ಟೋರಿ ಅಂದುಕೊಳ್ಳಿ. ಎಡಿಟರ್ ಮುಖಕ್ಕೆ ಬ್ಲರ್ ಹಾಕುತ್ತಾರೆ. ಯೂನಿಫಾರ್ಮಿನ ಜೇಬಿನ ಮೇಲೆ ಒಂದು ಮಸುಕು ಕಲೆ ಕಾಣುತ್ತದೆ, ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಮೂಲ ಫೈಲ್ ಜೋಡಿಸಿ ಪ್ರಸಾರ ಮಾಡಿದಾಗ ಆ ಕಲೆ ಶಾಲೆಯ ಹೆಸರು! 2012ರ ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಹೆಸರು, ಫೋಟೋ ಮಾತ್ರವಲ್ಲ, ಶಾಲೆ, ನೆರೆಹೊರೆಯ ವಿವರವನ್ನೂ ಮಾಧ್ಯಮ ಹೊರಗೆಡಹಬಾರದು ಎನ್ನುತ್ತದೆ. ಆಮೇಲೆ ಯೂಟ್ಯೂಬಿನಿಂದ ತೆಗೆದರೂ, ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಊರೆಲ್ಲ ಸುತ್ತಿರುತ್ತದೆ.

ಫೋಕಸ್ ತಪ್ಪಿದ ಶಾಟ್ ಕೂಡ ಸಣ್ಣ ಕಿಟಕಿಯಲ್ಲಿ ಚೆನ್ನಾಗೇ ಕಾಣುತ್ತದೆ. ಕೆಲವು ಪ್ರಾಕ್ಸಿಗಳಲ್ಲಿ ಎರಡೇ ಆಡಿಯೋ ಚಾನೆಲ್ ಇರುತ್ತವೆ, ಮೂಲದ ಮೂರನೇ ಚಾನೆಲ್‌ನಲ್ಲಿದ್ದ ಲೇಪಲ್ ಮೈಕ್ (ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್) ಕೇಳಿಸುವುದೇ ಇಲ್ಲ.

ಇನ್ನು ಪ್ರಾಕ್ಸಿಯಲ್ಲಿ ಮಾಡಿದ ಎಡಿಟನ್ನು ಮೂಲ ಫೈಲುಗಳಿಗೆ ಜೋಡಿಸುವ ಹೊತ್ತು. ಕ್ಯಾಮೆರಾದಲ್ಲಿ ಫೈಲ್ ಹೆಸರು ಸಿ0001ರಿಂದ ಶುರುವಾಗುವಂತೆ ಇದ್ದರೆ, ಕಾರ್ಡ್ ಫಾರ್ಮ್ಯಾಟ್ ಮಾಡಿದಾಗ ಅದೇ ಹೆಸರು ಮತ್ತೆ ಬರಬಹುದು. ಎರಡು ಕಾರ್ಡಿನಲ್ಲಿ ಒಂದೇ ಹೆಸರು, ಟೈಮ್‌ಕೋಡೂ ಎರಡರಲ್ಲೂ ಸೊನ್ನೆಯಿಂದ ಶುರುವಾಗಿದ್ದರೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮುಖ ಬಂದು ಕೂರಬಹುದು. ಸಾಫ್ಟ್‌ವೇರ್ ಎಚ್ಚರಿಕೆ ಕೊಡುತ್ತದೆಂಬ ಖಾತ್ರಿ ಇಲ್ಲ. ಮೊಬೈಲಿನ ವಿಡಿಯೋದಲ್ಲಿ ಫ್ರೇಮ್ ರೇಟ್ ಏರುಪೇರಾಗುವುದರಿಂದ ಕಟ್ ಜಾಗಗಳೇ ಜರುಗುವುದೂ ಉಂಟು.

ಟೈಮ್ ಇಲ್ಲ ಅನ್ನುವುದು ಇಲ್ಲಿ ನೆಪ ಮಾತ್ರ. ಮೂಲ ಜೋಡಿಸಿದ ಫೈನಲ್ ಫೈಲನ್ನು ದೊಡ್ಡ ಮಾನಿಟರ್‌ನಲ್ಲಿ, ಹೆಡ್‌ಫೋನ್ ಹಾಕಿಕೊಂಡು, ಎಡಿಟ್ ಮಾಡದ ಇನ್ನೊಬ್ಬರು ಒಮ್ಮೆ ಪೂರ್ತಿ ನೋಡಬೇಕು. ಒಂದೂವರೆ ನಿಮಿಷದ ಸ್ಟೋರಿಗೆ ಹಿಡಿಯುವುದು ಒಂದೂವರೆ ನಿಮಿಷ.